ಟವೆಲ್ ಯಾರ ಕೈಲಿರಬೇಕು? ಬಾಕ್ಸರ್‌ಗೆ ವಯಸ್ಸಾದಾಗ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ನಮ್ಮೂರಿಂದ ಶುರುವಾಗುತ್ತೆ. ಚಾಮರಾಜನಗರ ತಾಲ್ಲೂಕಿನ ಹರವೆ.

ಸ್ವಲ್ಪ ದಿನದ ಹಿಂದೆ ಊರಿಗೆ ಹೋಗಿದ್ದಾಗ ಒಬ್ಬರು ಬಂದು ನಮ್ಮ ಜಗಲಿ ಮೇಲೆ ಕೂತರು. ಹೆಸರು ಹೇಳಬೇಡ ಅಂದಿದ್ದಾರೆ, ಹೇಳಲ್ಲ. ಸೇನೆಯಲ್ಲಿ 17 ವರ್ಷ ಇದ್ದು ಬಂದವರು. ಬಾಕ್ಸಿಂಗ್ ಕಲಿತದ್ದೂ ಅಲ್ಲೇ, ರೆಜಿಮೆಂಟ್ ಪರವಾಗಿ ಆಡಿದ್ದೂ ಅಲ್ಲೇ. ಈಗ ವಯಸ್ಸು 38. ಅರಿಶಿನ, ಸಣ್ಣ ಈರುಳ್ಳಿ ಬೆಳೀತಾರೆ. ಸಂಜೆ ಹೊತ್ತು ಊರಿನ ಹುಡುಗರಿಗೆ ಗ್ಲೌಸ್ ತೊಡಿಸಿ ನಾಲ್ಕು ಏಟು ಹೇಳಿಕೊಡ್ತಾರೆ.

ಅವರಿಗೆ ಬೆಂಗಳೂರಿಂದ ಒಂದು ಫೋನ್ ಬಂದಿತ್ತು. ಒಂದು ಪ್ರದರ್ಶನ ಪಂದ್ಯ, ಆರು ಸುತ್ತು. ಎದುರಾಳಿಗೆ 24 ವರ್ಷ. ಗೆದ್ದರೂ ದುಡ್ಡು, ಸೋತರೂ ದುಡ್ಡು. ಆ ದುಡ್ಡು ಬಂದ್ರೆ ಬೋರ್‌ವೆಲ್ ಸಾಲ ಅರ್ಧ ತೀರುತ್ತೆ. ಅವರು ಕೇಳಿದ ಮಾತು ಇದು:

“ಅಣ್ಣಾ, ಕೈಲಿ ಏಟು ಹಂಗೇ ಅದ. ಕಾಲು ಒಸಿ ನಿಧಾನ, ಅಷ್ಟೇಯ. ಇದೊಂದು ಆಡ್ಬುಟ್ಟು ನಿಲ್ಲಿಸ್ಬುಡ್ತೀನಿ. ನೀ ಏನಂತೀಯ?”

ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಬೇಡ ಅನ್ನೋದು ಸುಲಭ. ಸಾಲ ನನ್ನದಲ್ಲ, ತೋಟ ನನ್ನದಲ್ಲ. ಆಡು ಅನ್ನೋದೂ ಸುಲಭ, ಏಟು ಬೀಳೋದು ನನ್ನ ತಲೆಗಲ್ಲ. ಹಾಗಾಗಿ “ಒಂದಿಷ್ಟು ದಿನ ಕೊಡಪ್ಪ” ಅಂತ ಹೇಳಿ ಬಂದೆ. ಆಮೇಲೆ ಓದಿದ್ದು, ಕೇಳಿದ್ದು, ತಿಳಿದಿದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತಾ ಇದ್ದೀನಿ. ಪ್ರಶ್ನೆ ಎರಡು. ವಯಸ್ಸಾದಂತೆ ಬಾಕ್ಸರ್ ದೇಹದಲ್ಲಿ ಏನಾಗುತ್ತೆ? ಯಾವಾಗ ನಿಲ್ಲಿಸಬೇಕು, ಅದನ್ನ ಹೇಳೋರು ಯಾರು?

ನಮ್ಮ ಸೀಮೆಯ ಹಳೇ ನಿಯಮ

ಬಾಕ್ಸಿಂಗ್ ಅಂದ್ರೆ ನಮಗೆ ಹೊರಗಿನ ಆಟ ಅನ್ನಿಸುತ್ತೆ. ಆದರೆ ಮುಷ್ಟಿಯಲ್ಲಿ ಹೊಡೆದಾಡೋ ಒಂದು ಕಾಳಗ ನಮ್ಮ ಸೀಮೆಯಲ್ಲೇ ಇದೆ. ದಸರಾದಲ್ಲಿ, ವಿಜಯದಶಮಿ ದಿನ, ಮೈಸೂರು ಅರಮನೆಯೊಳಗೆ ನಡೆಯೋ ವಜ್ರಮುಷ್ಟಿ ಕಾಳಗ. ಅದರಲ್ಲಿ ಇಳಿಯೋ ಜಟ್ಟಿಗಳು ಮೈಸೂರು, ಚನ್ನಪಟ್ಟಣ, ಬೆಂಗಳೂರು ಮತ್ತು ನಮ್ಮ ಚಾಮರಾಜನಗರದವರು. ತಲೆ ಬೋಳಿಸಿಕೊಂಡು, ಕೈಗೆ ವಜ್ರಮುಷ್ಟಿ ಅನ್ನೋ ಮೊನೆಯುಳ್ಳ ಆಯುಧ ತೊಟ್ಟು, ಎರಡು ಜೋಡಿ ಎದುರುಬದುರು ನಿಲ್ತಾರೆ.

ಈ ಕಾಳಗ ನೋಡಿದವರಿಗೆ ಗೊತ್ತು, ಅದು ಹೆಚ್ಚು ಹೊತ್ತು ನಡೆಯಲ್ಲ. ತಲೆಯಿಂದ ರಕ್ತ ಚಿಮ್ಮಿತು ಅಂದ್ರೆ ಮುಗೀತು. ಅಲ್ಲೇ ಬಿಡಿಸಿಬಿಡ್ತಾರೆ. ಆಮೇಲೆ ರಾಜರು ಬನ್ನಿ ಪೂಜೆಗೆ ಹೊರಡ್ತಾರೆ.

ಈ ನಿಯಮದಲ್ಲಿ ಎರಡು ವಿಷಯ ಗಮನಿಸಿ. ಒಂದು, ಯಾವಾಗ ನಿಲ್ಲಿಸಬೇಕು ಅನ್ನೋದು ಕಾಳಗ ಶುರುವಾಗೋ ಮುಂಚೆಯೇ ತೀರ್ಮಾನ ಆಗಿರುತ್ತೆ. ಎರಡು, ನಿಲ್ಲಿಸೋರು ಜಟ್ಟಿಗಳಲ್ಲ. “ಇನ್ನೂ ಆಡ್ತೀಯೇನಪ್ಪಾ?” ಅಂತ ಅವರನ್ನ ಯಾರೂ ಕೇಳಲ್ಲ. ಕೇಳಿದ್ರೆ ಜಟ್ಟಿಯಾದವನು ಆಡ್ತೀನಿ ಅಂತಲೇ ಹೇಳ್ತಾನೆ.

ಬಾಕ್ಸಿಂಗ್‌ನಲ್ಲಿ ಕಷ್ಟ ಏನಪ್ಪಾ ಅಂದ್ರೆ, ಅಲ್ಲಿ ನಿಜವಾದ ಗಾಯ ಕಣ್ಣಿಗೆ ಕಾಣೋದಿಲ್ಲ. ಹುಬ್ಬು ಒಡೆದ್ರೆ ರಕ್ತ ಬರುತ್ತೆ, ಹೊಲಿಗೆ ಹಾಕ್ತಾರೆ, ವಾಸಿಯಾಗುತ್ತೆ. ತಲೆಬುರುಡೆ ಒಳಗಿನ ಪೆಟ್ಟಿಗೆ ರಕ್ತದ ಬಾವುಟ ಇಲ್ಲ. ಹತ್ತು, ಹದಿನೈದು, ಇಪ್ಪತ್ತು ವರ್ಷ ಆದ್ಮೇಲೆ ಅದು ತಲೆ ಎತ್ತಬಹುದು.

ಕೈ ಉಳಿಯುತ್ತೆ, ಕಾಲು ಹೋಗುತ್ತೆ

ಮೊದಲು ದೇಹದ ಲೆಕ್ಕ ನೋಡೋಣ. ನಮ್ಮೂರಿನ ಆ ಗೆಳೆಯರು ಹೇಳಿದ್ರಲ್ಲ, ಏಟು ಹಂಗೇ ಇದೆ, ಕಾಲು ಮಾತ್ರ ನಿಧಾನ ಅಂತ. ಅವರಿಗೆ ಗೊತ್ತಿಲ್ಲದೇನೇ ಬಾಕ್ಸಿಂಗ್ ಲೋಕದ ಹಳೇ ಸತ್ಯವೊಂದನ್ನ ಹೇಳಿಬಿಟ್ಟಿದ್ರು. ಬಾಕ್ಸರ್‌ಗೆ ವಯಸ್ಸಾದಾಗ ಮೊದಲು ಹೋಗೋದು ಕಾಲು. ಏಟಿನ ಬಲ ಕೊನೆಗೆ ಹೋಗುತ್ತೆ.

ಯಾಕೆ ಹಾಗೆ? ನಮ್ಮ ಸ್ನಾಯುಗಳಲ್ಲಿ ಎರಡು ಥರದ ಎಳೆಗಳಿವೆ. ಒಂದು ನಿಧಾನವಾಗಿ, ತುಂಬ ಹೊತ್ತು ದುಡಿಯೋವು. ಇನ್ನೊಂದು ಥಟ್ಟನೆ ಸೆಟೆದು ಬೇಗ ಸುಸ್ತಾಗೋವು. ವಯಸ್ಸಾದಂತೆ ಜಾಸ್ತಿ ಸೊರಗೋದು ಈ ಎರಡನೇ ಥರದವು. ಪಕ್ಕಕ್ಕೆ ಜಾರೋದು, ಏಟು ಬರೋ ಮುಂಚೆ ಹಿಂದಕ್ಕೆ ಸರಿಯೋದು, ಹೊಡೆದು ತಕ್ಷಣ ದೂರ ಆಗೋದು, ಇದೆಲ್ಲ ನಿಂತಿರೋದು ಅವುಗಳ ಮೇಲೆ. ಒಂದು ಗಟ್ಟಿ ಏಟು ಕೊಡೋದು ಮಾತ್ರ ಮೈತೂಕ, ತಂತ್ರ, ಕಾಲೂರಿ ನಿಲ್ಲೋ ಅನುಭವದಿಂದಲೂ ಆಗುತ್ತೆ. ಅದಕ್ಕೇ ಏಟು ಉಳಿಯುತ್ತೆ.

ಇದಕ್ಕೆ ಒಳ್ಳೇ ಉದಾಹರಣೆ ಜಾರ್ಜ್ ಫೋರ್‌ಮನ್. 1994ರ ನವೆಂಬರ್ 5ರಂದು, ತಮ್ಮ 45ನೇ ವಯಸ್ಸಲ್ಲಿ, 26 ವರ್ಷದ ಮೈಕಲ್ ಮೂರರ್ ವಿರುದ್ಧ ಆಡಿದ್ರು. ಒಂಬತ್ತು ಸುತ್ತು ಅಂಕದಲ್ಲಿ ಹಿಂದೆ ಇದ್ರು. ಹತ್ತನೇ ಸುತ್ತಲ್ಲಿ ಒಂದು ಬಲಗೈ ಏಟು ಸರಿಯಾಗಿ ಕೂತಿತು, ಮೂರರ್ ಕೆಳಗೆ ಬಿದ್ದರು. ಫೋರ್‌ಮನ್ ಮತ್ತೆ ಹೆವಿವೇಟ್ ಚಾಂಪಿಯನ್ ಆದ್ರು.

ಈ ಕಥೆಯನ್ನ ಎಲ್ರೂ ಹೇಳ್ತಾರೆ. “ನೋಡಿ, 45ರಲ್ಲೂ ಆಗುತ್ತೆ” ಅಂತಾರೆ. ಆದ್ರೆ ಆ ಒಂದು ಏಟು ಕೂರೋ ತನಕ ಅವರು ಒಂಬತ್ತು ಸುತ್ತು ಏಟು ತಿಂದ್ರಲ್ಲ, ಆ ಮಾತು ಕಥೆಯಲ್ಲಿ ಬರೋದೇ ಇಲ್ಲ. ವಯಸ್ಸಾದ ಬಾಕ್ಸರ್‌ಗೆ ಏಟಿನ ಬಲ ಉಳಿದಿರೋದು ಒಂದು ಥರ ಮೋಸ. ತಾನು ಹೊಡೆಯೋದು ಕಮ್ಮಿಯಾಗಿಲ್ಲ ಅಂತ ಅನ್ನಿಸ್ತಾನೇ ಇರುತ್ತೆ. ತಿನ್ನೋದು ಜಾಸ್ತಿಯಾಗಿದೆ ಅನ್ನೋದು ಗೊತ್ತಾಗೋದಿಲ್ಲ.

ಎರಡನೇದು ಕಣ್ಣು-ಕೈ ಹೊಂದಾಣಿಕೆ. ಒಂದು ಬೆಳಕು ಮಿಂಚಿದಾಗ ಗುಂಡಿ ಒತ್ತಿ ಅಂದ್ರೆ ಆರೋಗ್ಯವಂತ ಯುವಕನಿಗೂ ಸುಮಾರು ಕಾಲು ಸೆಕೆಂಡ್ ಬೇಕು. ಒಳ್ಳೇ ಬಾಕ್ಸರ್‌ನ ಜಾಬ್ ಅದಕ್ಕಿಂತ ಬೇಗ ಮುಖಕ್ಕೆ ಬಂದು ತಾಗುತ್ತೆ. ಅಂದ್ರೆ ಏಟನ್ನ ನೋಡಿ ತಪ್ಪಿಸಿಕೊಳ್ಳೋದು ಯಾರಿಗೂ ಆಗಲ್ಲ. ಎದುರಾಳಿಯ ಭುಜ, ಸೊಂಟ, ಕಾಲಿನ ಭಾರ ಎಲ್ಲಿಗೆ ಬೀಳ್ತಿದೆ ಅನ್ನೋದನ್ನ ನೋಡಿ, ಏಟು ಹೊರಡೋ ಮುಂಚೆಯೇ ಊಹಿಸಿ ಸರೀಬೇಕು. ಈ ಊಹೆ ಅನುಭವದಿಂದ ಬೆಳೆಯುತ್ತೆ. ಅದಕ್ಕೇ ಬುದ್ಧಿವಂತ ಬಾಕ್ಸರ್‌ಗಳು ಮೂವತ್ತು ದಾಟಿದ ಮೇಲೂ ಚೆನ್ನಾಗಿ ಆಡ್ತಾರೆ.

ಬರ್ನಾರ್ಡ್ ಹಾಪ್ಕಿನ್ಸ್ 2011ರಲ್ಲಿ, 46ನೇ ವಯಸ್ಸಲ್ಲಿ, ವಿಶ್ವ ಪ್ರಶಸ್ತಿ ಗೆದ್ದು ಫೋರ್‌ಮನ್ ದಾಖಲೆ ಮುರಿದ್ರು. ಕಡಿಮೆ ಏಟು ತಿನ್ನೋದೇ ಅವರ ಕಲೆ. ಆದ್ರೂ ಊಹೆ ಸರಿಯಾಗಿದ್ದು ದೇಹ ಒಂದು ಕ್ಷಣ ತಡವಾದ್ರೆ ಪ್ರಯೋಜನ ಇಲ್ಲ. 2016ರ ಡಿಸೆಂಬರ್‌ನಲ್ಲಿ, 51ನೇ ವಯಸ್ಸಲ್ಲಿ, ತಮ್ಮ ಕೊನೇ ಪಂದ್ಯದಲ್ಲಿ ಅದೇ ಹಾಪ್ಕಿನ್ಸ್ ಹಗ್ಗದ ನಡುವಿಂದ ರಿಂಗ್ ಆಚೆಗೇ ಬಿದ್ದರು.

ಮೂರನೇದು ಉಸಿರು. ಹೃದಯ ಎಷ್ಟು ಜೋರಾಗಿ ಬಡಿಯಬಲ್ಲದು ಅನ್ನೋದಕ್ಕೆ ಒಂದು ಸಾಮಾನ್ಯ ಅಂದಾಜಿದೆ: 220ರಲ್ಲಿ ವಯಸ್ಸು ಕಳೆಯೋದು. 24ರ ಹುಡುಗನಿಗೆ 196, 38ರವನಿಗೆ 182. ಇದು ಬರೀ ಅಂದಾಜು, ಆಳಿಂದಾಳಿಗೆ ಬದಲಾಗುತ್ತೆ. ದಿಕ್ಕು ಮಾತ್ರ ಅದೇ. ಮೂರು ನಿಮಿಷದ ಸುತ್ತು ಮುಗಿದ್ಮೇಲೆ ಸಿಗೋದು ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಉಸಿರು ಎಷ್ಟು ಮರಳಿ ಬರುತ್ತೆ ಅನ್ನೋದೇ ಮುಂದಿನ ಸುತ್ತನ್ನ ತೀರ್ಮಾನ ಮಾಡುತ್ತೆ. ಉಸಿರು ಸಾಲದಿದ್ರೆ ಮೊದಲು ಕೆಳಗಿಳಿಯೋದು ಕೈ. ಮುಖದ ಕಾವಲು ಹೋಗುತ್ತೆ.

ನಾಲ್ಕನೇದು ತೂಕ. ಬಾಕ್ಸಿಂಗ್‌ನಲ್ಲಿ ತೂಕದ ವರ್ಗ ಇದೆಯಲ್ಲ, ಪಂದ್ಯದ ಮುಂಚೆ ಊಟ ಬಿಟ್ಟು, ನೀರು ಬಿಟ್ಟು, ಬೆವರು ಹರಿಸಿ ತೂಕ ಇಳಿಸ್ತಾರೆ. ಇಪ್ಪತ್ತರಲ್ಲಿ ಒಂದು ವಾರದಲ್ಲಿ ಇಳಿದು ಹೋಗ್ತಿದ್ದ ತೂಕ ಮೂವತ್ತೆಂಟರಲ್ಲಿ ಇಳಿಯಲ್ಲ. ಹಠ ಹಿಡಿದು ಇಳಿಸಿದ್ರೆ ರಿಂಗಿಗೆ ಇಳಿಯೋ ಹೊತ್ತಿಗೆ ಅರ್ಧ ಶಕ್ತಿ ಅಲ್ಲೇ ಮುಗಿದಿರುತ್ತೆ.

ತಲೆಯೊಳಗಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಲು ನಿಧಾನ ಆದ್ರೆ ಪಂದ್ಯ ಸೋಲ್ತೀವಿ. ತಲೆಗೆ ಆಗೋದು ಬೇರೆ.

ಮೆದುಳು ಬುರುಡೆಗೆ ಅಂಟಿಕೊಂಡಿಲ್ಲ, ದ್ರವದಲ್ಲಿ ತೇಲ್ತಾ ಇರುತ್ತೆ. ಮೆದುಳಿನ ಮೇಲ್ಮೈಯಿಂದ ಹೊರಗಿನ ಪೊರೆಗೆ ಸಣ್ಣ ಸಣ್ಣ ರಕ್ತನಾಳಗಳು ಸೇತುವೆ ಥರ ಹೋಗಿರ್ತವೆ. ದವಡೆಗೆ ಪಕ್ಕದಿಂದ ಏಟು ಬಿದ್ದಾಗ ತಲೆ ಗಿರ್ರನೆ ತಿರುಗುತ್ತೆ. ಬುರುಡೆ ತಿರುಗಿದಷ್ಟು ಬೇಗ ಮೆದುಳು ತಿರುಗಲ್ಲ. ಆಗ ಈ ನಾಳಗಳು ಎಳೆದಂತಾಗ್ತವೆ, ಕೆಲವೊಮ್ಮೆ ಹರೀತವೆ. ರಿಂಗ್‌ನಲ್ಲಿ ಬಾಕ್ಸರ್‌ಗಳು ಸಾಯೋದು ಬಹುಪಾಲು ಹೀಗೆ ಒಳಗೆ ರಕ್ತ ಸೋರಿ. ವಯಸ್ಸಾದಂತೆ ಎಲ್ಲರ ಮೆದುಳೂ ಸ್ವಲ್ಪ ಸ್ವಲ್ಪ ಕುಗ್ಗುತ್ತೆ. ಕುಗ್ಗಿದಷ್ಟೂ ಆ ನಾಳಗಳು ಮೊದಲೇ ಬಿಗಿಯಾಗಿ ಎಳೆದುಕೊಂಡಿರ್ತವೆ. ಅದೇ ಏಟಿಗೆ ಅಪಾಯ ಜಾಸ್ತಿ.

ಆದ್ರೆ ಇದು ಬರೀ ವಯಸ್ಸಾದವರ ವಿಷಯ ಅಂತ ತಿಳ್ಕೋಬೇಡಿ. 1982ರ ನವೆಂಬರ್‌ನಲ್ಲಿ ರೇ ಮಾನ್ಸಿನಿ ಜೊತೆ ಆಡಿ ತೀರಿಕೊಂಡ ಕೊರಿಯಾದ ಕಿಮ್ ಡುಕ್ ಕೂಗೆ 23 ವರ್ಷ. ಆ ಸಾವಿನ ನಂತರವೇ ವಿಶ್ವ ಪ್ರಶಸ್ತಿಯ ಪಂದ್ಯಗಳು 15 ಸುತ್ತಿಂದ 12 ಸುತ್ತಿಗೆ ಇಳಿದವು. ನಮ್ಮಲ್ಲೂ 2022ರ ಜುಲೈನಲ್ಲಿ, ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ಬಿದ್ದು ಮೈಸೂರಿನ 23 ವರ್ಷದ ಹುಡುಗ ತೀರಿಕೊಂಡ. ಪಂದ್ಯದ ಜಾಗದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರು ಕೊಟ್ಟರು. ಹಾಗಾಗಿ ಎಷ್ಟು ವಯಸ್ಸು ಅನ್ನೋದರ ಜೊತೆಗೆ, ರಿಂಗ್ ಪಕ್ಕ ವೈದ್ಯರು ಇದ್ದಾರಾ, ಆಂಬುಲೆನ್ಸ್ ಇದೆಯಾ ಅಂತಲೂ ಕೇಳಬೇಕು.

ಇದು ಒಂದೇ ಏಟಿನ ಅಪಾಯ. ಇನ್ನೊಂದು, ಸಣ್ಣ ಸಣ್ಣ ಏಟು ಸೇರಿ ಸೇರಿ ಆಗೋ ಅಪಾಯ. 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅನ್ನೋ ಅಮೆರಿಕದ ವೈದ್ಯರು ಇದರ ಬಗ್ಗೆ ಬರೆದ್ರು. ಕುಡಿಯದೇ ಇದ್ರೂ ಕುಡಿದವರ ಥರ ತೂರಾಡೋ, ಮಾತು ತೊದಲೋ ಹಳೇ ಬಾಕ್ಸರ್‌ಗಳ ವಿಷಯ ಅದು. ಜನ ಅದನ್ನ ‘ಪಂಚ್ ಡ್ರಂಕ್’ ಅಂತಿದ್ರು, ಏಟಿನ ಅಮಲು ಅಂತ. 1969ರಲ್ಲಿ ಬ್ರಿಟನ್‌ನಲ್ಲಿ ರಾಬರ್ಟ್ಸ್ ಅನ್ನೋ ವೈದ್ಯರು 224 ಮಾಜಿ ವೃತ್ತಿಪರ ಬಾಕ್ಸರ್‌ಗಳನ್ನ ಪರೀಕ್ಷಿಸಿ ವರದಿ ಕೊಟ್ಟರು. ಸುಮಾರು ಶೇ 17 ಜನರಲ್ಲಿ ಇಂಥ ಲಕ್ಷಣ ಇತ್ತು. ಜಾಸ್ತಿ ವರ್ಷ, ಜಾಸ್ತಿ ಪಂದ್ಯ ಆಡಿದವರಲ್ಲಿ ಜಾಸ್ತಿ.

ಈಗ ಇದಕ್ಕೆ ಸಿಟಿಇ ಅಂತಾರೆ. ಟೌ ಅನ್ನೋ ಪ್ರೋಟೀನ್ ಮೆದುಳಲ್ಲಿ ಗಂಟುಗಂಟಾಗಿ ಸೇರಿಕೊಳ್ಳುತ್ತೆ. ಮರೆವು, ಸಿಟ್ಟು, ಖಿನ್ನತೆ, ಕೈ ನಡುಕ, ಹೀಗೆ ಒಂದೊಂದಾಗಿ ಬರಬಹುದು. ಇದು ಇದೆ ಅಂತ ಖಚಿತವಾಗಿ ಹೇಳೋಕೆ ಆಗೋದು ಸತ್ತ ಮೇಲೆ ಮೆದುಳನ್ನ ಪರೀಕ್ಷೆ ಮಾಡಿದಾಗ ಮಾತ್ರ. ಬದುಕಿದ್ದಾಗ ಸ್ಕ್ಯಾನ್ ಸರಿಯಾಗಿ ಬಂತು ಅಂದ್ರೆ ಇಲ್ಲವೇ ಇಲ್ಲ ಅಂತ ಅಲ್ಲ.

ಅಂದ್ರೆ ಬಾಕ್ಸರ್‌ಗೆ ಎರಡು ವಯಸ್ಸಿರುತ್ತೆ. ಒಂದು ಆಧಾರ್ ಕಾರ್ಡಿನಲ್ಲಿರೋದು. ಇನ್ನೊಂದು, ಮೊದಲ ಬಾರಿ ಗ್ಲೌಸ್ ತೊಟ್ಟ ದಿನದಿಂದ ತಲೆ ತಿಂದ ಏಟುಗಳ ಲೆಕ್ಕ. 35ನೇ ವಯಸ್ಸಿಗೆ ಶುರು ಮಾಡಿ ಹತ್ತು ಪಂದ್ಯ ಆಡಿದವನಿಗಿಂತ, 14ಕ್ಕೆ ಶುರು ಮಾಡಿ ದಿನಾ ಸ್ಪಾರಿಂಗ್ ಮಾಡಿದ 28ರವನ ತಲೆಗೇ ‘ವಯಸ್ಸು’ ಜಾಸ್ತಿ ಆಗಿರಬಹುದು. ಸ್ಪಾರಿಂಗ್ ಅಂದ್ರೆ ಅಭ್ಯಾಸದ ಕಾದಾಟ, ಅದು ಯಾವ ದಾಖಲೆಯಲ್ಲೂ ಬರಲ್ಲ. ತಲೆ ಮಾತ್ರ ಲೆಕ್ಕ ಇಟ್ಟಿರುತ್ತೆ.

ಅಲಿಗೆ ಯಾರೂ ನಿಲ್ಲಿಸು ಅನ್ನಲಿಲ್ವಾ?

ಮೊಹಮ್ಮದ್ ಅಲಿ ಹೆಸರು ಕೇಳದವರಿಲ್ಲ. ಅವರ ಕೊನೇ ವರ್ಷಗಳ ಕಥೆ ಇವತ್ತಿನ ನಮ್ಮ ಪ್ರಶ್ನೆಗೆ ನೇರವಾಗಿ ಸೇರುತ್ತೆ.

1977ರಲ್ಲಿ ಅರ್ನಿ ಶೇವರ್ಸ್ ಜೊತೆ 15 ಸುತ್ತು ಆಡಿ ಅಲಿ ಗೆದ್ದರು. ಆದ್ರೆ ತಿಂದ ಏಟು ಎಂಥವು ಅಂದ್ರೆ, ವರ್ಷಗಳಿಂದ ಜೊತೆಗಿದ್ದ ವೈದ್ಯ ಫರ್ಡಿ ಪಚೆಕೊ ನಿಲ್ಲಿಸು ಅಂದ್ರು. ಮೂತ್ರಪಿಂಡದ ಪರೀಕ್ಷೆಯ ವರದಿಯನ್ನ ಸುತ್ತಲಿನವರಿಗೆ ಕಳಿಸಿದ್ರು. ಯಾರೂ ಉತ್ತರ ಕೊಡಲಿಲ್ಲ. ಪಚೆಕೊ ತಂಡ ಬಿಟ್ಟು ಹೋದ್ರು.

1980ರಲ್ಲಿ ಲ್ಯಾರಿ ಹೋಮ್ಸ್ ಜೊತೆ ಪಂದ್ಯ ಗೊತ್ತಾಯ್ತು. ಅಲಿಗೆ 38, ನಮ್ಮ ಹರವೆಯ ಗೆಳೆಯರ ವಯಸ್ಸೇ. ಪಂದ್ಯದ ಮುಂಚೆ ಮೇಯೊ ಕ್ಲಿನಿಕ್‌ನಲ್ಲಿ ಪರೀಕ್ಷೆ ನಡೆಯಿತು. ಬೆರಳಿಂದ ಮೂಗು ಮುಟ್ಟೋದರಲ್ಲಿ, ಒಂದೇ ಕಾಲಲ್ಲಿ ಕುಪ್ಪಳಿಸೋದರಲ್ಲಿ ಸಣ್ಣ ಕೊರತೆ ಕಂಡಿತ್ತು. ಆದ್ರೂ ನೆವಾಡಾದಲ್ಲಿ ಪರವಾನಗಿ ಸಿಕ್ಕಿತು. ಅಕ್ಟೋಬರ್ 2ರ ಆ ಪಂದ್ಯದಲ್ಲಿ ಅಲಿ ಹೊಡೆದದ್ದು ಕಮ್ಮಿ, ತಿಂದದ್ದೇ ಜಾಸ್ತಿ. ಹತ್ತನೇ ಸುತ್ತು ಮುಗಿದ ಮೇಲೆ ತರಬೇತುದಾರ ಆಂಜೆಲೊ ಡಂಡಿ ನಿಲ್ಲಿಸಿದ್ರು. ಅಷ್ಟಾದ ಮೇಲೂ 1981ರ ಡಿಸೆಂಬರ್ 11ರಂದು ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಜೊತೆ ಇನ್ನೊಂದು ಪಂದ್ಯ. ಅದನ್ನೂ ಸೋತರು. 1984ರಲ್ಲಿ ಪಾರ್ಕಿನ್ಸನ್ ಇದೆ ಅಂತ ವೈದ್ಯರು ಹೇಳಿದ್ರು. ಅದಕ್ಕೆ ಏಟುಗಳು ಎಷ್ಟು ಕಾರಣ ಅನ್ನೋದರಲ್ಲಿ ವೈದ್ಯರ ನಡುವೆ ಒಮ್ಮತ ಇಲ್ಲ. ಆದ್ರೆ ಆ ಕೊನೇ ಪಂದ್ಯಗಳಿಂದ ಅಲಿಗೆ ಒಳ್ಳೇದಾಯ್ತು ಅಂತ ಹೇಳೋರು ಯಾರೂ ಇಲ್ಲ.

ಗಮನಿಸಿ, ಮಾಹಿತಿ ಇತ್ತು. ಎಚ್ಚರಿಸೋ ವೈದ್ಯರಿದ್ರು, ವರದಿ ಇತ್ತು. ಇಲ್ಲದೇ ಇದ್ದದ್ದು, ನಿಲ್ಲಿಸೋ ಅಧಿಕಾರ ಇರೋ ಒಬ್ಬ ಮನುಷ್ಯ ಸರಿಯಾದ ಹೊತ್ತಿಗೆ.

ಅಂಥ ಮನುಷ್ಯ ಇದ್ದಾಗ ಏನಾಗುತ್ತೆ ಅನ್ನೋದಕ್ಕೂ ಅಲಿಯ ಪಂದ್ಯವೇ ಉದಾಹರಣೆ. 1975ರ ಅಕ್ಟೋಬರ್ 1, ಮನಿಲಾ. ಅಲಿ ಮತ್ತು ಜೋ ಫ್ರೇಜಿಯರ್ 14 ಸುತ್ತು ಬಡಿದಾಡಿದ್ರು. ಫ್ರೇಜಿಯರ್ ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನು ಒಂದೇ ಸುತ್ತು ಬಾಕಿ. ಫ್ರೇಜಿಯರ್ ಆಡ್ತೀನಿ ಅಂದ್ರು. ತರಬೇತುದಾರ ಎಡ್ಡಿ ಫುಚ್ ಬಿಡಲಿಲ್ಲ. ವಿಶ್ವ ಪ್ರಶಸ್ತಿ ಗೆಲ್ಲೋ ಅವಕಾಶ ಹೋಗುತ್ತೆ ಅಂತ ಗೊತ್ತಿದ್ದೂ ಪಂದ್ಯ ಬಿಟ್ಟುಕೊಟ್ರು. ರಿಂಗ್ ಒಳಗೆ ಟವೆಲ್ ಎಸೆಯೋದು ಅಂತಾರಲ್ಲ, ಅದರ ಅರ್ಥ ಇದು. ಟವೆಲ್ ಬಾಕ್ಸರ್ ಕೈಲಿ ಇರಲ್ಲ, ಮೂಲೆಯಲ್ಲಿ ನಿಂತವರ ಕೈಲಿ ಇರುತ್ತೆ.

ಕಾನೂನು ಏನು ಹೇಳುತ್ತೆ

ಅಮೆಚೂರ್ ಬಾಕ್ಸಿಂಗ್‌ನಲ್ಲಿ, ಅಂದ್ರೆ ಒಲಿಂಪಿಕ್ಸ್ ಥರದ ಪಂದ್ಯಗಳಲ್ಲಿ, ಹಿರಿಯರ ವಿಭಾಗಕ್ಕೆ 19ರಿಂದ 40ರ ಮಿತಿ ಇದೆ. ಆರು ಸಲ ವಿಶ್ವ ಚಾಂಪಿಯನ್ ಆದ ನಮ್ಮ ಮೇರಿ ಕೋಮ್ ಟೋಕಿಯೊದಲ್ಲಿ 38ನೇ ವಯಸ್ಸಲ್ಲಿ ಆಡಿದ್ರು. ಆಡೋ ಆಸೆ ಇನ್ನೂ ಇದೆ, ಆದ್ರೆ ವಯಸ್ಸಿನ ನಿಯಮ ಬಿಡಲ್ಲ ಅಂತ 2024ರಲ್ಲಿ ಅವರೇ ಹೇಳಿದ್ರು. ಕೇಳೋಕೆ ಬೇಜಾರಾಗುತ್ತೆ. ಆದ್ರೆ ಆ ನಿಯಮ ಮಾಡೋ ಕೆಲಸ ನಮ್ಮ ವಜ್ರಮುಷ್ಟಿಯ ನಿಯಮ ಮಾಡೋದೇ: ತೀರ್ಮಾನವನ್ನ ಆಟಗಾರರ ಕೈಯಿಂದ ತೆಗೆದುಕೊಳ್ಳೋದು.

ಇದೇ ಅಮೆಚೂರ್ ಆಟದಲ್ಲಿ ಇನ್ನೊಂದು ನಿಯಮ ಇದೆ. ತಲೆಗೆ ಏಟು ಬಿದ್ದು ನಾಕೌಟ್ ಆದವರು ಕನಿಷ್ಠ 30 ದಿನ ಆಡೋ ಹಾಗಿಲ್ಲ, ಸ್ಪಾರಿಂಗ್ ಕೂಡ ಮಾಡೋ ಹಾಗಿಲ್ಲ. ಅದು ಮತ್ತೆ ಮತ್ತೆ ಆದ್ರೆ ನಿಷೇಧದ ಅವಧಿ ಬೆಳೀತಾ ಹೋಗುತ್ತೆ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಎಲ್ಲಾ ಕಡೆ ಒಪ್ಪುವ ಒಂದು ವಯಸ್ಸಿನ ಮಿತಿ ಇಲ್ಲ. ಒಂದು ಕಡೆ ಬೇಡ ಅಂದ್ರೆ ಇನ್ನೊಂದು ಕಡೆ ಬಾಗಿಲು ತೆರೆಯುತ್ತೆ. 2021ರಲ್ಲಿ 58 ವರ್ಷದ ಇವ್ಯಾಂಡರ್ ಹೋಲಿಫೀಲ್ಡ್ ಪಂದ್ಯ ಕ್ಯಾಲಿಫೋರ್ನಿಯಾ ಬಿಟ್ಟು ಫ್ಲೋರಿಡಾದಲ್ಲಿ ನಡೆಯಿತು, ಮೊದಲ ಸುತ್ತಲ್ಲೇ ಮುಗಿಯಿತು. 2024ರ ನವೆಂಬರ್‌ನಲ್ಲಿ 58 ವರ್ಷದ ಮೈಕ್ ಟೈಸನ್, 27 ವರ್ಷದ ಜೇಕ್ ಪಾಲ್ ಜೊತೆ ಟೆಕ್ಸಾಸ್‌ನಲ್ಲಿ ಎಂಟು ಸುತ್ತು ಆಡಿದ್ರು. ನಮ್ಮಲ್ಲೂ ಬಹಳ ಜನ ಕೂತು ನೋಡಿದ್ರು. ಟೈಸನ್ ಅವರಿಗೆ ಅಷ್ಟು ವೈದ್ಯರ ತಂಡ ಇತ್ತು. ಹಳ್ಳಿಯಿಂದ ಹೋಗಿ ಪ್ರದರ್ಶನ ಪಂದ್ಯ ಆಡೋರಿಗೆ ಯಾರಿರ್ತಾರೆ?

ಹಾಗಾದ್ರೆ ಯಾವಾಗ?

ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು, 35, 38, 40 ಅನ್ನೋ ಒಂದೇ ಅಂಕಿ ಸಾಲದು. ಕೆಲವು ಗುರುತುಗಳಿವೆ.

ಮುಂಚೆ ತಪ್ಪಿಸಿಕೊಳ್ತಿದ್ದ ಏಟು ಈಗ ತಾಗ್ತಾ ಇದೆಯಾ? ಹಳೇ ವಿಡಿಯೊ, ಹೊಸ ವಿಡಿಯೊ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ. ಮುಂಚೆ ತಡೆದುಕೊಳ್ತಿದ್ದ ಏಟಿಗೆ ಈಗ ಕಾಲು ನಡುಗುತ್ತಾ? ಅಭ್ಯಾಸದ ಮಾರನೇ ದಿನವೂ ತಲೆನೋವು, ಬೆಳಕು ಕಂಡ್ರೆ ಕಿರಿಕಿರಿ ಇರುತ್ತಾ? ಮಾತು ಎಳೀತಾ ಇದೆಯಾ? ಸಿಟ್ಟು ಜಾಸ್ತಿ ಆಗಿದೆಯಾ, ಮರೆವು ಬಂದಿದೆಯಾ? ನಿದ್ದೆ ಕೆಟ್ಟಿದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದ್ರೂ ಮೊದಲು ನರರೋಗ ತಜ್ಞರನ್ನ ಕಾಣಬೇಕು, ಗ್ಲೌಸ್ ಆಮೇಲೆ.

ಇದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು: ಈ ಪ್ರಶ್ನೆಗಳಿಗೆ ಉತ್ತರ ಕೊಡೋದು ಯಾರು? ಬಾಕ್ಸರ್ ಅಲ್ಲ. ತನ್ನ ಮರೆವು ತನಗೆ ನೆನಪಿರೋದಿಲ್ಲ. ಉತ್ತರ ಕೊಡಬೇಕಾದವರು ಮನೆಯವರು, ತರಬೇತುದಾರರು, ದುಡ್ಡಿನಲ್ಲಿ ಪಾಲಿಲ್ಲದ ಒಬ್ಬ ವೈದ್ಯರು. ಆರೋಗ್ಯ ಚೆನ್ನಾಗಿರೋವಾಗಲೇ, ಗೆಲ್ತಾ ಇರೋವಾಗಲೇ ಒಬ್ಬರನ್ನ ಗೊತ್ತು ಮಾಡಿ, “ನೀನು ಸಾಕು ಅಂದ ದಿನ ನಾನು ಸಾಕು ಮಾಡ್ತೀನಿ” ಅಂತ ಮಾತು ಕೊಟ್ಟಿರಬೇಕು. ಸೋಲು ಬಂದ ಮೇಲೆ ಆ ಮಾತು ಹುಟ್ಟಲ್ಲ. ಆಗ ಎಲ್ಲರಿಗೂ ಬೇಕಾಗಿರೋದು “ಇನ್ನೊಂದೇ ಒಂದು” ಪಂದ್ಯ.

ಬಿಟ್ಟ ಮೇಲೆ ಏನು ಅನ್ನೋ ಭಯ ನಿಜವಾದದ್ದು. ನಮ್ಮ ಗರಡಿ ಮನೆಗಳು ಇದಕ್ಕೆ ಒಂದು ದಾರಿ ಮಾಡಿಕೊಂಡಿವೆ. ಮೈಸೂರಿನ ಗರಡಿಗಳಲ್ಲಿ ಪೈಲ್ವಾನ್ ಕುಸ್ತಿ ಬಿಡ್ತಾನೆ, ಗರಡಿ ಬಿಡೋದಿಲ್ಲ. ಉಸ್ತಾದ್ ಆಗ್ತಾನೆ. ಮಟ್ಟಿ ಹದ ಮಾಡ್ತಾನೆ, ಹುಡುಗರಿಗೆ ಪಟ್ಟು ಹೇಳ್ತಾನೆ, ದಸರಾಕ್ಕೆ ಜೋಡಿ ಕಟ್ಟೋವಾಗ ಹಿರಿಯರ ಸಾಲಲ್ಲಿ ಕೂರ್ತಾನೆ. ಮಾಜಿ ಪೈಲ್ವಾನರಿಗೆ ರಾಜ್ಯ ಸರ್ಕಾರದ ಮಾಸಾಶನವೂ ಇದೆ. ಬಾಕ್ಸಿಂಗ್‌ನಲ್ಲೂ ಕೋಚ್ ಆಗೋ ದಾರಿ ಇದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರ ಕೋರ್ಸ್ ನಡೆಸುತ್ತೆ.

ಮತ್ತೆ ಹರವೆಗೆ

ಇದನ್ನೆಲ್ಲ ಹೊತ್ತುಕೊಂಡು ಮತ್ತೆ ಊರಿಗೆ ಹೋದೆ. ಅಲಿ ಕಥೆ ಹೇಳಿದೆ, ರಕ್ತನಾಳದ ಕಥೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. “ಅವ್ರೆಲ್ಲ ದೊಡ್ಡೋರು ಕಣಣ್ಣ, ನಂದು ಆರು ರೌಂಡು” ಅಂದ್ರು. ನನ್ನ ಓದು ಅಲ್ಲಿಗೆ ಮುಗೀತು.

ಆಗ ಒಳಗಿಂದ ಅವರ ಮನೆಯಾಕೆ ಕಾಫಿ ತಂದವರು ಬಾಗಿಲಲ್ಲೇ ನಿಂತು ಒಂದು ಮಾತು ಕೇಳಿದ್ರು. “ಅಣ್ಣಾ, ಮರೆವೂ ಅದರಲ್ಲಿ ಸೇರ್ತದಾ?”

ಯಾಕವ್ವಾ ಅಂದೆ.

“ರಾತ್ರಿ ಮೋಟ್ರು ಆಫ್ ಮಾಡೋದ ಮರೀತಾರ. ಹೇಳಿದ್ದನ್ನೇ ಮೂರು ಸಲ ಹೇಳ್ತಾರ. ಮಗೀಗೆ ಸುಮ್‌ಸುಮ್ಕೆ ರೇಗ್ತಾರ. ಸಾಲದ ಚಿಂತೆ ಅನ್ಕಂಡಿದ್ದಿ.”

ಸಾಲದ ಚಿಂತೆಯೂ ಇರಬಹುದು. ಅದೇ ಕಷ್ಟ, ಎರಡರ ಗುರುತೂ ಒಂದೇ ಥರ. ಅವರು ತಲೆ ಎತ್ತಿ ಹೆಂಡತಿ ಮುಖ ನೋಡಿದ್ರು. “ಯಾವಾಗಿಂದ?” ಅಂದ್ರು. “ಒಂದೂವರೆ ವರ್ಷ ಆಯ್ತು” ಅಂದ್ರು ಆಕೆ. ಅವರಿಗೆ ನಿಜವಾಗ್ಲೂ ಗೊತ್ತಿರಲಿಲ್ಲ.

ಮುಂದಿನ ವಾರ ಇಬ್ಬರೂ ಮೈಸೂರಿಗೆ ಹೋಗಿ ವೈದ್ಯರನ್ನ ಕಂಡರು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಏನೂ ಇಲ್ಲ ಅಂತ ಬರೆದುಕೊಡಿ ಅಂದಿದ್ದಕ್ಕೆ ವೈದ್ಯರು, ಕಂಡಿಲ್ಲ ಅಂತ ಬರೀತೀನಿ, ಇಲ್ಲ ಅಂತ ಬರೆಯೋಕಾಗಲ್ಲ ಅಂದ್ರಂತೆ. ತಲೆಗೆ ಏಟು ಬೀಳೋ ಯಾವ ಆಟವೂ ಬೇಡ ಅಂದ್ರಂತೆ.

ಬೆಂಗಳೂರಿನ ಪಂದ್ಯಕ್ಕೆ ಅವರು ಸಹಿ ಹಾಕಲಿಲ್ಲ. ಬೋರ್‌ವೆಲ್ ಸಾಲ ಹಾಗೇ ಇದೆ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಸಂಜೆ ಹುಡುಗರು ಬರ್ತಾರೆ. ಈಗ ಅವರು ಹುಡುಗರ ಜೊತೆ ಸ್ಪಾರಿಂಗ್ ಮಾಡಲ್ಲ, ಪ್ಯಾಡ್ ಹಿಡೀತಾರೆ. ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ಹುಡುಗನ ತಲೆಗೆ ಜೋರು ಏಟು ಬಿತ್ತು, ಯಾವ ದಿನ, ಎಷ್ಟು ದಿನ ರಜೆ ಅಂತ ಬರೆಯೋದಕ್ಕೆ. ಬರೆಯೋರು ಅವರಲ್ಲ, ಅವರ ಮನೆಯಾಕೆ. “ನಂಗೆ ಮರ್ತೋಯ್ತದ” ಅಂತ ನಗ್ತಾರೆ.

ನಿಮ್ಮ ಮನೆಯಲ್ಲೋ, ಬೀದಿಯಲ್ಲೋ ಬಾಕ್ಸಿಂಗ್ ಆಡೋರಿದ್ರೆ ಈ ಸಂಚಿಕೆಯನ್ನ ಅವರಿಗಿಂತ ಮೊದಲು ಅವರ ಜೊತೆ ಇರೋರಿಗೆ ಕೇಳಿಸಿ.